ಬೇಗ ಹೂಬಿಟ್ಟ ಕ್ಯಾರೆಟ್‌ನಿಂದ ಬೀಜ ಹಿಡಿಯಬಹುದೇ?

ಪ್ರಶ್ನೆ: ನಮ್ಮ ಮನೆ ಸುಂಟಿಕೊಪ್ಪದ ಸಮೀಪ ಕಾಫಿ ತೋಟದೊಳಗಿದ್ದು, ಹಿತ್ತಲಿನಲ್ಲಿ ನ್ಯಾಂಟಿಸ್ ಕ್ಯಾರೆಟ್ ಬೆಳೆಯುತ್ತೇನೆ. ಬೀಜಕ್ಕೆಂದು ಹತ್ತು ಗಿಡಗಳನ್ನು ಕೀಳದೆ ಬಿಟ್ಟಿದ್ದೆ. ಅವುಗಳಲ್ಲಿ ಎರಡು ಗಿಡ ಗೆಡ್ಡೆ ದಪ್ಪವಾಗುವ ಮೊದಲೇ ಹೂಬಿಟ್ಟವು. ಉಳಿದವು ಹೂ ಬಿಡದೆ ಮಳೆಗಾಲದಲ್ಲಿ ಕೊಳೆತುಹೋದವು. ಆ ಎರಡು ಗಿಡಗಳ ಬೀಜವನ್ನೇ ಬಿತ್ತಿದೆ. ಈ ಸಲ ಅರ್ಧದಷ್ಟು ಗಿಡಗಳು ಹೂದಂಟು ಎತ್ತಿವೆ, ಗೆಡ್ಡೆಗಳು ಕಟ್ಟಿಗೆಯಂತಿವೆ. ನಾನು ಮಾಡಿದ ತಪ್ಪೇನು?
— ಓರ್ವ ಗೃಹಿಣಿ, ಉತ್ತರ ಕೊಡಗು

ಉತ್ತರ: ನಿಮ್ಮ ಆರೈಕೆಯಲ್ಲಿ ಕೊರತೆಯಿಲ್ಲ; ಆಯ್ಕೆ ಮಾತ್ರ ತಲೆಕೆಳಗಾಗಿದೆ. ಕ್ಯಾರೆಟ್ ಮೊದಲ ಹಂಗಾಮಿನಲ್ಲಿ ಗೆಡ್ಡೆ ಕಟ್ಟಿ, ಚಳಿ ಕಳೆದ ಮೇಲೆ ಹೂಬಿಡಬೇಕಾದ ಬೆಳೆ. ಚಳಿಗೆ ಕಾಯದೆ ಹೂವಿಗೆ ಹೋಗುವ ಗಿಡ ತನ್ನ ಅವಸರದ ಗುಣವನ್ನು ಬೀಜಕ್ಕೂ ಕೊಡುತ್ತದೆ. ಅಂತಹ ಗಿಡವನ್ನು ಕಂಡ ದಿನವೇ ಕಿತ್ತು ದನಕ್ಕೆ ಹಾಕಬೇಕು. ಉಳಿದ ಎಂಟು ಗಿಡಗಳೇ ನಿಮ್ಮ ಒಳ್ಳೆಯ ಗಿಡಗಳಾಗಿದ್ದವು. ಅವುಗಳಿಗೆ ಬೇಕಾದಷ್ಟು ಚಳಿ ಸಿಗಲಿಲ್ಲ, ಅಷ್ಟೆ.

ನ್ಯಾಂಟಿಸ್‌ನಂತಹ ಯುರೋಪಿನ ತಳಿಗಳಿಗೆ ಹತ್ತು ಡಿಗ್ರಿಗಿಂತ ಕಡಿಮೆ ಉಷ್ಣತೆ ಸುಮಾರು 6ರಿಂದ 8 ವಾರ ಬೇಕು. ನಮ್ಮಲ್ಲಿ ಹುತ್ತರಿಯ ಹೊತ್ತಿನ ಚಳಿ ಮೈ ನಡುಗಿಸಿದರೂ ಹಗಲಿನ ಬಿಸಿಲು ಅದನ್ನು ಅಳಿಸಿಬಿಡುತ್ತದೆ. ಆದ್ದರಿಂದಲೇ ಈ ತಳಿಗಳ ಬೀಜ ಹಿಮಾಚಲದ ಕುಲು ಕಣಿವೆಯಂತಹ ಕಡೆಗಳಲ್ಲಿ ತಯಾರಾಗುತ್ತದೆ. ಪೂಸಾ ಕೇಸರ್, ಪೂಸಾ ಮೇಘಾಲಿ ತಳಿಗಳು ಉತ್ತರ ಭಾರತದ ಬಯಲುಸೀಮೆಯ ಚಳಿಯಲ್ಲೇ ಬೀಜ ಕಟ್ಟುತ್ತವೆ. ನೀವು ನ್ಯಾಂಟಿಸ್ ಬಿಡಲಾರಿರಾದರೆ ಚಳಿಯನ್ನು ಫ್ರಿಜ್‌ನಿಂದ ಒದಗಿಸಬಹುದು.

ದಿನಗಳನ್ನು ಮುಂಗಾರಿನಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಜೂನ್ ಮಳೆಗೆ ಮೊದಲು ಬೀಜ ಒಣಗಿರಬೇಕೆಂದರೆ ಮಾರ್ಚ್‌ನಲ್ಲಿ ಹೂ ಬರಬೇಕು, ಜನವರಿಯ ಆರಂಭದಲ್ಲಿ ಗೆಡ್ಡೆ ಮಣ್ಣಿಗಿಳಿಯಬೇಕು, ನವೆಂಬರ್ ಮೊದಲ ವಾರದಲ್ಲಿ ಫ್ರಿಜ್ ಸೇರಬೇಕು. ಹಾಗಾದರೆ ಬಿತ್ತನೆ ಆಗಸ್ಟ್ ಮೊದಲ ವಾರಕ್ಕೆ, ಅಂದರೆ ಕಕ್ಕಡದ ಮಳೆಯಲ್ಲೇ ಬರುತ್ತದೆ. ಏರುಮಡಿ ಮತ್ತು ಮೇಲೊಂದು ಪ್ಲಾಸ್ಟಿಕ್ ಚಪ್ಪರವಿಲ್ಲದೆ ಅದು ಸಾಧ್ಯವಿಲ್ಲ.

ಗೆಡ್ಡೆಗಳನ್ನೆಲ್ಲ ಒಮ್ಮೆಗೇ ಕಿತ್ತು ಸಾಲಾಗಿ ಹರಡಿ ನೋಡಿ. ಮಣ್ಣಿನೊಳಗಿರುವಾಗ ಸೊಪ್ಪು ನೋಡಿ ಗುರುತು ಹಾಕುವುದು ಊಹೆಯಷ್ಟೇ. ನೇರವಾದ, ಮೈ ನುಣುಪಾದ, ಭುಜ ಹಸಿರಾಗದ ಗೆಡ್ಡೆಗಳನ್ನು ಆರಿಸಿ. ಕವಲೊಡೆದ ಗೆಡ್ಡೆಗಳೇ ಹೆಚ್ಚಿದ್ದರೆ ತಳಿಯನ್ನು ದೂರಬೇಡಿ. ಕಲ್ಲು ಅಥವಾ ಕಳಿಯದ ಸಗಣಿಗೊಬ್ಬರ ಕಾರಣವಾಗಿರುತ್ತದೆ. ಸೊಪ್ಪನ್ನು ಎರಡು ಅಂಗುಲ ಉಳಿಸಿ ಕತ್ತರಿಸಿ, ಸುಳಿಗೆ ಪೆಟ್ಟಾಗದಂತೆ, ತೇವದ ಮರಳಿನಲ್ಲಿ ಹುದುಗಿಸಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ 8 ವಾರ ಇಡಿ. ಸೇಬು, ಬಾಳೆಹಣ್ಣು ಜೊತೆಯಲ್ಲಿ ಬೇಡ.

ಹೊರತೆಗೆದಾಗ ಗೆಡ್ಡೆಯ ಕೆಳಗಿನ ಮೂರನೆಯ ಒಂದು ಭಾಗವನ್ನು ಕತ್ತರಿಸಬೇಕು. ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟವಾದ ಗಳಿಗೆ ಇದು. ಚಾಕುವಿನಡಿ ಕೆಲವು ಗೆಡ್ಡೆಗಳ ನಡುವಿನ ದಿಂಡು ಹಳದಿಯಾಗಿ, ದಪ್ಪವಾಗಿ, ಸುತ್ತಲಿನ ತಿರುಳಿನಿಂದ ಬೇರೆಯೇ ಕಾಣುತ್ತದೆ. ಕೆಲವುಗಳಲ್ಲಿ ದಿಂಡು ಎಲ್ಲಿ ಮುಗಿಯಿತೆಂದು ತಿಳಿಯದಷ್ಟು ಒಂದೇ ಕೇಸರಿ ಬಣ್ಣವಿರುತ್ತದೆ. ಎರಡನೆಯವನ್ನೇ ನೆಡಿ. ಕತ್ತರಿಸಿದ ತುಂಡನ್ನು ಅಗಿದು ರುಚಿಯನ್ನೂ ನೋಡಿ, ಕಹಿಯಿದ್ದರೆ ಬಿಡಿ. ಗಾಯ ಒಣಗಿದ ಮೇಲೆ ಒಂದೂವರೆ ಅಡಿ ಅಂತರದಲ್ಲಿ, ಸುಳಿ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಬೇಕು.

ಹತ್ತು ಗೆಡ್ಡೆ ಸಾಲದು, ಕನಿಷ್ಠ ನಲವತ್ತಾದರೂ ಇರಲಿ. ಕ್ಯಾರೆಟ್ ಹೂವಿನಲ್ಲಿ ಪರಾಗ ಮೊದಲು ಉದುರಿ, ಹೆಣ್ಣು ಭಾಗವಾದ ಶಲಾಕೆ ಆಮೇಲೆ ಹದಕ್ಕೆ ಬರುವುದರಿಂದ ಅದು ಬೇರೆ ಹೂಗಳ ಪರಾಗವನ್ನು ಅವಲಂಬಿಸಿದೆ. ಕೆಲವೇ ಗಿಡಗಳ ನಡುವೆ ಪರಾಗಸ್ಪರ್ಶ ನಡೆಯುತ್ತ ಹೋದರೆ ಸಂತತಿ ಸೊರಗುತ್ತದೆ. ತುಡುವೆ ಜೇನಿನ ಪೆಟ್ಟಿಗೆ ನಿಮ್ಮಲ್ಲಿದ್ದರೆ ಅದೇ ಭಾಗ್ಯ. ಕಾಫಿ ಅರಳಿಸುವ ಹೂಮಳೆಯ ಕಾಲಕ್ಕೆ ಚಪ್ಪರ ಮತ್ತೆ ಹಾಕಿ, ಆದರೆ ನೊಣ, ಜೇನು ಬರಲು ನಾಲ್ಕು ಬದಿಯೂ ತೆರೆದಿರಲಿ. ನಟ್ಟನಡುವಿನ ಮೊದಲ ಛತ್ರಿ (ಕೊಡೆಯಂತಹ ಹೂಗೊಂಚಲು) ಮತ್ತು ಅದರ ನಂತರದ ಕವಲುಗಳ ಛತ್ರಿಗಳು ಕಂದಾದಂತೆ ಒಂದೊಂದಾಗಿ ಕತ್ತರಿಸಿಕೊಳ್ಳಿ; ಕೊನೆಯ ಸಣ್ಣ ಛತ್ರಿಗಳ ಬೀಜ ಜೊಳ್ಳು.

ಪ್ರಶ್ನೆ: ಪ್ಯಾಕೆಟ್‌ನಲ್ಲಿ ಬರುವ ಹೈಬ್ರಿಡ್ ಕ್ಯಾರೆಟ್‌ನಿಂದಲೂ ಬೀಜ ಮಾಡಬಹುದೇ?
— ಕೃಷಿಕರು, ವಿರಾಜಪೇಟೆ ತಾಲ್ಲೂಕು

ಉತ್ತರ: ಬೇಡ. ಅದರ ಸಂತತಿ ಒಂದೊಂದೂ ಒಂದೊಂದು ರೀತಿ ಬರುತ್ತದೆ. ಎಷ್ಟೋ ಹೈಬ್ರಿಡ್‌ಗಳನ್ನು ಗಂಡುಬಂಜೆ ಗಿಡಗಳಿಂದ ಮಾಡಿರುವುದರಿಂದ ಹೂವಿನಲ್ಲಿ ಪರಾಗವೇ ಇರದಿರಬಹುದು.