ಆಟದಲ್ಲಿ ನಿದ್ದೆ ಹೋದ ಮಗ

ಬೆಂಗಳೂರಿನಲ್ಲಿರುವ, ಉಡುಪಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ತವರಿನಲ್ಲಿ ಹರಕೆಯ ಆಟವಿತ್ತು. ಪ್ರಸಂಗ ದೇವೀಮಹಾತ್ಮೆ. ಚಿಕ್ಕಂದಿನಲ್ಲಿ ನಾನು ಹುಚ್ಚು ಹಿಡಿದವಳಂತೆ ಯಕ್ಷಗಾನ ನೋಡುತ್ತಿದ್ದೆ. ಏಳು ವರ್ಷದ ಮಗನಿಗೂ ತೋರಿಸುವ ಆಸೆಯಿಂದ ಕರೆದುಕೊಂಡು ಹೋದೆ. ಗಂಟೆಯೊಳಗೆ ನಿದ್ದೆ ಹೋದ. ಮಹಿಷಾಸುರನ ಅಬ್ಬರಕ್ಕೆ ಎದ್ದು ಅತ್ತ. ನಮ್ಮ ಮನೆಯವರು, ನಿನ್ನ ಬಾಲ್ಯವನ್ನು ಅವನ ಮೇಲೆ ಯಾಕೆ ಹೇರುತ್ತೀ, ಮೊಬೈಲಿನಲ್ಲಿ ಹತ್ತು ನಿಮಿಷ ತೋರಿಸಿದರೆ ಸಾಲದೇ ಎಂದರು. ನಾನು ಮಾಡಿದ್ದು ತಪ್ಪೇ?’

ತಪ್ಪಲ್ಲ. ನಿಮ್ಮ ಮನೆಯವರ ಮಾತಿನಲ್ಲೂ ನ್ಯಾಯವಿದೆ. ಮಾರನೇ ದಿನ ಬಸ್ಸು ಹತ್ತಬೇಕಾದ ಮಗುವನ್ನು ಇಬ್ಬನಿಯಲ್ಲಿ ಕೂರಿಸಿದರೆ ನೆಗಡಿಯಾದೀತು. ಅಪ್ಪನಾದವನಿಗೆ ಆ ಚಿಂತೆ ಇರಬೇಕಾದದ್ದೇ. ಅಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ.

ಆಟಕ್ಕೆ ಹೋದ ಮಕ್ಕಳು ನಿದ್ದೆ ಮಾಡದೆ ಇನ್ನೇನು ಮಾಡಬೇಕು? ನಮ್ಮ ಕಾಲದಲ್ಲಿ ಬೆಳಗಿನ ಮಂಗಳದವರೆಗೆ ಕಣ್ಣು ಮುಚ್ಚದೆ ಕೂತ ಮಕ್ಕಳು ಯಾರಿದ್ದರು? ನಮ್ಮಜ್ಜಿ ಚಾಪೆ, ಕಂಬಳಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಗದ್ದೆಯಾಚೆಯಿಂದ, ಆಟವಿದೆಯೆಂದು ಸಾರುವ ‘ಕೇಳಿ’ ಬಡಿಯುವ ಸದ್ದು ಬಂತೆಂದರೆ ಉಂಡ ಕೈ ತೊಳೆಯುವುದಕ್ಕೂ ಪುರಸೊತ್ತಿಲ್ಲ. ಕೋಡಂಗಿ, ಬಾಲಗೋಪಾಲರ ಕುಣಿತ ಮುಗಿಯುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಆಮೇಲೆ ಭಾಗವತರು ಹಾಡಿದ ಪದವೆಲ್ಲ ನಿದ್ದೆಯೊಳಗೇ. ನಡುರಾತ್ರಿ ದಾಟಿದ ಮೇಲೆ ಅಜ್ಜಿ ಭುಜ ಅಲುಗಿಸಿ ‘ಏಳ್ ಮಗಾ, ಬಣ್ಣದ ವೇಷ ಬಂತು’ ಎನ್ನುತ್ತಿದ್ದರು. ತಿರುಗಿ ನೋಡಿದರೆ ನಮ್ಮ ಹಿಂದಿನಿಂದಲೇ, ಜನರ ನಡುವೆ, ದೊಂದಿಯ ಬೆಳಕಿನಲ್ಲಿ ರಾಕ್ಷಸನ ಎರಡು ಕೊಂಬು. ರಾಳದ ಪುಡಿ ಎರಚಿದಾಗ ಭುಗ್ಗೆಂದು ಎದ್ದ ಬೆಂಕಿಯ ಬಿಸಿ ಕೆನ್ನೆಗೆ ತಾಗುತ್ತಿತ್ತು. ನಾನೂ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತವನೇ. ಅಳುತ್ತಲೇ ಸೆರಗಿನ ಸಂದಿಯಿಂದ ನೋಡಿದವನು. ಆ ಪ್ರಸಂಗದ ಕಥೆ ನನಗೆ ಪೂರ್ತಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕೊಂಬು ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಮೊಬೈಲಿನಲ್ಲಿ ಮಹಿಷಾಸುರ ಅಂಗೈಯಷ್ಟೇ ಇರುತ್ತಾನೆ. ಬೇಡವೆನಿಸಿದರೆ ಬೆರಳಲ್ಲಿ ತಳ್ಳಿಬಿಡಬಹುದು. ಪಕ್ಕದಲ್ಲೇ ಹಾದುಹೋದವನನ್ನು ಹಾಗೆ ತಳ್ಳಲಾಗುವುದಿಲ್ಲ. ನಿಮ್ಮ ಮಗ ಅತ್ತನೆಂದರೆ ಆಟ ಅವನನ್ನು ಮುಟ್ಟಿತು ಎಂದೇ ನಾನು ತಿಳಿಯುತ್ತೇನೆ.

ಗಿರೀಶ ಕಾರ್ನಾಡರು ಹುಡುಗನಾಗಿದ್ದಾಗ ಶಿರಸಿಯಲ್ಲಿ ಕಂಪನಿ ನಾಟಕಗಳನ್ನು ಮನೆಯವರೊಂದಿಗೆ ನೋಡಿದರೆ, ಯಕ್ಷಗಾನಕ್ಕೆ ಮನೆಯ ಆಳುಗಳ ಜೊತೆ ಹೋಗುತ್ತಿದ್ದರಂತೆ. ಅವರೇ ಬರೆದುಕೊಂಡಿದ್ದಾರೆ. ಮುಂದೆ 1971ರ ‘ಹಯವದನ’ದಲ್ಲಿ ಭಾಗವತನೂ ಬಂದ, ಇಬ್ಬರು ಹಿಡಿದುಕೊಂಡು ನಿಲ್ಲುವ ತೆರೆಯೂ ಬಂತು. ನಿನಗೇನು ಅರ್ಥವಾಯಿತು ಹೇಳು ಎಂದು ಆ ಹುಡುಗನನ್ನು ಮಾರನೇ ಬೆಳಿಗ್ಗೆ ಯಾರೂ ಪೀಡಿಸಿರಲಾರರು. ನೀವೂ ಪೀಡಿಸಬೇಡಿ.

ಶಿವರಾಮ ಕಾರಂತರೇ ಆಟವನ್ನು ಕೆಲವೇ ಗಂಟೆಗೆ ಇಳಿಸಲಿಲ್ಲವೇ ಎಂದು ನಿಮ್ಮ ಮನೆಯವರು ಕೇಳಿಯಾರು. ಇಳಿಸಿದರು, ಮಾತನ್ನೂ ತೆಗೆದು ಬ್ಯಾಲೆ ಮಾಡಿದರು, ವಿದೇಶಗಳಲ್ಲೂ ತೋರಿಸಿದರು. ಆದರೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ ಬರೆದವರು ಅವರು. ಆಟವನ್ನು ಬುಡದಿಂದ ಬಲ್ಲವರು ಕತ್ತರಿ ಹಿಡಿಯುವುದಕ್ಕೂ, ಅಂಗಳವನ್ನೇ ಮೆಟ್ಟದ ಮಗುವಿಗೆ ಬರೀ ತುಣುಕು ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗಂತೂ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮ ಅಡ್ಡ ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಓಡುವ ಪ್ರೇಕ್ಷಕನೂ ಬೇಗ ಮುಗಿಯಲಿ ಎನ್ನುತ್ತಾನೆ. ಮೇಳದವರನ್ನು ನಾನು ದೂರುವುದಿಲ್ಲ, ಅವರ ಹೊಟ್ಟೆಪಾಡೂ ನಡೆಯಬೇಕು. ಆದರೆ ಹೊತ್ತು ಸಾಲದೆ ಹೋದಾಗ ಕತ್ತರಿ ಬೀಳುವುದು ಕಥೆ ಶುರುವಾಗುವ ಮುಂಚಿನ ಪೂರ್ವರಂಗಕ್ಕೆ. ಹೊಸದಾಗಿ ಮೇಳ ಸೇರಿದ ಹುಡುಗರು ಕೋಡಂಗಿ, ಬಾಲಗೋಪಾಲ ವೇಷ ಹಾಕಿ ಹೆಜ್ಜೆ ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಅಲ್ಲಿ. ಚಾಪೆಯ ಮೇಲಿನ ಮಕ್ಕಳಿಗೆ ತಮ್ಮಂಥವರೇ ರಂಗದ ಮೇಲೆ ಕಾಣುತ್ತಿದ್ದದ್ದೂ ಅಲ್ಲಿಯೇ. ಮಕ್ಕಳ ಪಾಲನ್ನೇ ಮೊದಲು ಕಿತ್ತು, ಆಮೇಲೆ ಮಕ್ಕಳು ಬರುವುದಿಲ್ಲ ಎಂದು ಕೊರಗುತ್ತೇವೆ.

ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಬಾಡಿಗೆಯ ಕಿರೀಟ, ಪೆನ್‌ಡ್ರೈವಿನ ಪದ, ನಾಲ್ಕು ನಿಮಿಷದ ಕುಣಿತ. ಚಂದ ಕುಣಿದ ಹುಡುಗಿಯನ್ನು, ಪದ ಹೇಳಿದ ಭಾಗವತರು ಯಾರಮ್ಮಾ ಎಂದು ಕೇಳಿದೆ. ‘ಆಡಿಯೋ ಮಿಸ್ಸು ಕೊಟ್ಟದ್ದು’ ಎಂದಳು. ಕೂಸಿನ ತಪ್ಪೇನೂ ಇಲ್ಲ. ಚೆಂಡೆಯ ಪೆಟ್ಟು ಎದೆಗೆ ಬಡಿಯುವಷ್ಟು ಹತ್ತಿರ ಅವಳನ್ನು ಯಾರೂ ಕೂರಿಸಿರಲಿಲ್ಲ. ಮನೆಯಲ್ಲಿ ನಾವು ಎರಡು ವಾಕ್ಯಕ್ಕೆ ನಾಲ್ಕು ಇಂಗ್ಲಿಷ್ ಪದ ಸೇರಿಸಿ ಮಾತಾಡುತ್ತೇವೆ, ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನನಗೇ ಕಾಗದ ಬರೆಯುತ್ತೇವೆ. ಇಡೀ ರಾತ್ರಿ ಒಂದು ಇಂಗ್ಲಿಷ್ ಪದ ನುಸುಳದಂತೆ, ಬರೆದಿಟ್ಟುಕೊಳ್ಳದೆ, ನಿಂತ ನಿಲುವಿನಲ್ಲಿ ಭಾಗವತರ ಪದಕ್ಕೆ ಮಾತಿನಲ್ಲಿ ಅರ್ಥ ಹೇಳುವ ಕಲಾವಿದರು ನಮ್ಮೂರ ಬಯಲಿಗೇ ಬರುತ್ತಾರೆ. ಆ ಕನ್ನಡ ನಿದ್ದೆಯಲ್ಲಾದರೂ ನಿಮ್ಮ ಮಗನ ಕಿವಿಗೆ ಬೀಳಲಿ.

ನಿಮ್ಮ ಮೇಲೆ ನನಗಿರುವ ಬೇಸರ ಒಂದೇ. ಪತ್ರದ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ, ಸಣ್ಣಕ್ಷರದಲ್ಲಿ ಬರೆದಿದ್ದೀರಿ: ಮೂರು ದಿನ ಬಿಟ್ಟು ಸ್ನಾನ ಮಾಡಿಸುವಾಗ ಮಗ, ‘ಅಮ್ಮಾ, ಆ ಕೊಂಬಿನವನು ಆಟ ಮುಗಿದ ಮೇಲೆ ಎಲ್ಲಿ ಮಲಗುತ್ತಾನೆ?’ ಎಂದನಂತೆ. ನೀವು ‘ಸುಮ್ಮನಿರು, ಕಣ್ಣಿಗೆ ಸೋಪು ಹೋಗುತ್ತದೆ’ ಎಂದಿರಂತೆ. ಇಡೀ ಪತ್ರದ ಜೀವ ಇದ್ದದ್ದೇ ಆ ಅಂಚಿನಲ್ಲಿ!

ಮಳೆಗಾಲಕ್ಕೆ ಮುಂಚೆ, ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಳಗಳು ದೀಪಾವಳಿ ಕಳೆದು ಮತ್ತೆ ಹೊರಡುತ್ತವೆ. ಆಗ ಊರಿಗೆ ಹೋಗಿ. ದಪ್ಪ ಕಂಬಳಿ ಇಟ್ಟುಕೊಳ್ಳಿ, ನಿಮ್ಮ ಮನೆಯವರನ್ನೂ ಕರೆದುಕೊಳ್ಳಿ. ಆಟ ಶುರುವಾದ ಮೇಲೆ ಮೇಳದವರ ಅನುಮತಿ ಕೇಳಿ, ಚಪ್ಪಲಿ ಹೊರಗಿಟ್ಟು, ಮಗನನ್ನು ವೇಷ ಕಟ್ಟುವ ಚೌಕಿಗೆ ಕರೆದೊಯ್ಯಿರಿ. ಅಲ್ಲಿ ಬಣ್ಣದ ವೇಷಧಾರಿ ಕನ್ನಡಿ ಮುಂದೆ ಕೂತು, ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡುತ್ತಿರುತ್ತಾನೆ. ಒಂದರ ಮೇಲೊಂದು ಇಟ್ಟು, ಒಣಗಲು ಬಿಟ್ಟು, ಮತ್ತೆ ಇಟ್ಟು, ಗಂಟೆಗಟ್ಟಲೆ. ಮಗ ಹೆದರಿ ನಿಮ್ಮ ಹಿಂದೆ ನಿಂತರೆ ನಿಲ್ಲಲಿ, ಅವಸರ ಮಾಡಬೇಡಿ. ಎಲ್ಲಿ ಮಲಗುವುದು ಎಂದು ಅವನೇ ಕೇಳಲಿ.