ಯೂನಿಕೋಡ್‌ನಲ್ಲಿ ಸರಿಯಾಗಿದ್ದ ಕನ್ನಡ, ಪುಸ್ತಕದ ಕರಡಿನಲ್ಲಿ ಏಕೆ ಕೆಡುತ್ತದೆ?

ನಿಮ್ಮ ತಾಯಿಯವರ ಕಥೆಗಳನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿ ಅವೆನ್ಯೂ ರಸ್ತೆಯ ಬಳಿಯ ಡಿಟಿಪಿ ಅಂಗಡಿಗೆ ಕೊಟ್ಟಿರಿ. ಅವರು ಅದನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸಿ ಪೇಜ್‌ಮೇಕರ್‌ನಲ್ಲಿ (ಪುಟ ಜೋಡಿಸುವ ಹಳೆಯ ತಂತ್ರಾಂಶ) ಪುಟ ಕಟ್ಟಿದರು. ಕರಡಿನಲ್ಲಿ ‘ರ‍್ಯಾಂಕ್’, ‘ಸಾಫ್ಟ್‌ವೇರ್’ನಂಥ ಪದಗಳು ಕೆಟ್ಟು ಬಂದಿವೆ. ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮೊಬೈಲ್ ಕನ್ನಡವನ್ನು ಬರೆದಿಡುವುದು ಯೂನಿಕೋಡ್ ಎಂಬ, ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿಯಲ್ಲಿ; ನಿಮ್ಮ ಮೂಲ ಪಠ್ಯ ಸರಿಯಾಗಿಯೇ ಇದೆ. ಅದನ್ನು ಬದಲಿಸದೆ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರಿಗೆ ಕೊಡಿ.

ನಾನು ಈ ಕೆಲಸಕ್ಕೆ ಬಂದದ್ದು ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕೊನೆಯ ವರ್ಷಗಳಲ್ಲಿ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆಗಳವು. ಇಂಗ್ಲಿಷಿನ ಕೇಸಿಗಿಂತ (ಮೊಳೆ ಇಡುವ ಪೆಟ್ಟಿಗೆ) ಕನ್ನಡದ ಕೇಸಿಗೆ ಎಷ್ಟೋ ಹೆಚ್ಚು ಖಾನೆಗಳು ಬೇಕಾಗುತ್ತಿದ್ದವು, ಏಕೆಂದರೆ ಗುಣಿತಾಕ್ಷರ, ಒತ್ತು, ಅರ್ಕಾವತ್ತು ಎಲ್ಲಕ್ಕೂ ಜಾಗ ಬೇಕು. ಜೋಡಿಸುವವರು ಕಣ್ಣಿಗೆ ಕಾಣುವ ಆಕಾರವನ್ನು ಜೋಡಿಸುತ್ತಿದ್ದರು, ಉಚ್ಚಾರಣೆಯ ಕ್ರಮವನ್ನಲ್ಲ. ‘ಧರ್ಮ’ ಎಂದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು.

ಕಂಪ್ಯೂಟರ್ ಬಂದಾಗ ಈ ಪದ್ಧತಿಯೇ ಮುಂದುವರಿಯಿತು. ಹಳೆಯ ಫಾಂಟುಗಳಲ್ಲಿ ಇದ್ದದ್ದು ಹೆಚ್ಚೆಂದರೆ 256 ಸ್ಥಾನಗಳು. ಕನ್ನಡದ ಎಲ್ಲ ಗುಣಿತಗಳಿಗೆ ಅದು ಎಲ್ಲಿ ಸಾಲಬೇಕು? ಆದ್ದರಿಂದ ಅಕ್ಷರಗಳನ್ನು ತುಂಡು ಮಾಡಿದರು. ‘ಕ’ದ ಒಡಲು ಒಂದು ಸ್ಥಾನದಲ್ಲಿ, ತಲೆಕಟ್ಟು ಇನ್ನೊಂದರಲ್ಲಿ, ‘ಕಿ’ಗೆ ಮತ್ತೊಂದು. ಅಷ್ಟು ಇಕ್ಕಟ್ಟಿನಲ್ಲಿ ಕನ್ನಡವನ್ನು ಪರದೆಯ ಮೇಲೆ ನಿಲ್ಲಿಸಿದವರ ಜಾಣ್ಮೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಆ ಕಡತದೊಳಗೆ ಕನ್ನಡವೆಂಬುದೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ತುಂಡುಗಳಿರುತ್ತವೆ, ಅಷ್ಟೇ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಸಾಲು.

ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ, ಅಂದರೆ 1991ರಿಂದ, ಅದರಲ್ಲಿ ಕನ್ನಡವಿದೆ. ಅಲ್ಲಿ ‘ಧರ್ಮ’ವನ್ನು ಧ, ರ, ಹಲಂತ ಚಿಹ್ನೆ (್), ಮ ಎಂದು ನುಡಿಯುವ ಕ್ರಮದಲ್ಲೇ ದಾಖಲಿಸುತ್ತಾರೆ, ಆಕಾರ ಕೂಡಿಸುವುದು ಫಾಂಟಿನ ಕೆಲಸ. ‘ರ‍್ಯಾಂಕ್’ನಲ್ಲಿ ಅರ್ಕಾವತ್ತು ಬಾರದಂತೆ, ‘ಸಾಫ್ಟ್‌ವೇರ್’ನಲ್ಲಿ ವಕಾರ ಒತ್ತಾಗಿ ಇಳಿಯದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತಗಳಿರುತ್ತವೆ. ಹಳೆಯ ಫಾಂಟಿಗೆ ಬದಲಿಸುವ ಎಷ್ಟೋ ಪರಿವರ್ತಕಗಳು ಅವನ್ನು ನುಂಗಿಬಿಡುತ್ತವೆ. ನಿಮ್ಮ ಕರಡು ಕೆಟ್ಟಿರುವುದು ಬಹುಮಟ್ಟಿಗೆ ಇದರಿಂದಲೇ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದು ಯೂನಿಕೋಡ್ ಕನ್ನಡವನ್ನು ಓದಲಾರದು. ಅಂಗಡಿಯವರು ಅದನ್ನು ಬಿಡದಿರುವುದು ಸೋಮಾರಿತನದಿಂದಲ್ಲ. ವರ್ಷಗಟ್ಟಲೆಯ ಕಡತಗಳು ಅದರಲ್ಲಿವೆ, ಕೈ ಪಳಗಿದೆ. ಆದರೆ ಕನ್ನಡ ಗಣಕದ ಹಿರಿಯರಾದ ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸ ಯೂನಿಕೋಡ್‌ನಲ್ಲೂ ಕೆಲಸ ಮಾಡುತ್ತದೆ, ನುಡಿಯಲ್ಲೇ ಯೂನಿಕೋಡ್ ಆಯ್ಕೆಯಿದೆ. ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಹೀಗಿರುವಾಗ ಹೊಸ ಪುಸ್ತಕವೊಂದನ್ನು ಹಳೆಯ ಫಾಂಟಿಗೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ಇ-ಪುಸ್ತಕ ಮಾಡಬೇಕೆಂದರೆ, ಒಂದು ಪದ ಹುಡುಕಬೇಕೆಂದರೆ ಮತ್ತೆ ಪರಿವರ್ತನೆ, ಮತ್ತೆ ತಪ್ಪುಗಳು.

ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವವರಾದರೆ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ದುಡ್ಡು ಕೊಡದೆ ಸಿಗುವ ಸ್ಕ್ರೈಬಸ್‌ನ ಹೊಸ ಆವೃತ್ತಿಗಳಲ್ಲೂ ಕನ್ನಡ ಸರಿಯಾಗಿ ಕೂಡುತ್ತದೆ. ಕಥೆಗಳ ಪುಸ್ತಕ 1/8 ಡೆಮಿ ಆಕಾರದ್ದಾದರೆ (ಸಾಮಾನ್ಯ ಕಾದಂಬರಿಯ ಅಳತೆ) 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲಿನ ಅಂತರ ನನ್ನ ಆಯ್ಕೆ. ಇದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಓದುವವರ ಕಣ್ಣು ದಣಿಯುತ್ತದೆ. ಪುಟ ಉಳಿಸಲು ಇಲ್ಲಿ ಕತ್ತರಿ ಹಾಕಬೇಡಿ.

ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಬಿದ್ದಿದೆಯೇ ಎಂದು ಕಡತದಲ್ಲಿ ಹುಡುಕಿ. ಎರಡೂ ನೋಡಲು ಒಂದೇ, ಕಣ್ಣಿನಿಂದ ಹಿಡಿಯುವುದು ಕಷ್ಟ. ಕರಡನ್ನು ಕಾಗದದ ಮೇಲೆ ತೆಗೆಸಿ ಓದಿ. ಪುಸ್ತಕ ಮುಗಿದ ಮೇಲೆ ಪಿಡಿಎಫ್ ಮಾತ್ರವಲ್ಲ, ಪುಟ ಕಟ್ಟಿದ ಮೂಲ ಕಡತವನ್ನೂ ಪಡೆದುಕೊಳ್ಳಿ. ದರ ಮಾತನಾಡುವಾಗಲೇ ಇದನ್ನು ಹೇಳಿಬಿಡಿ; ಹಣ ಕೊಟ್ಟ ಮೇಲೆ ಕೇಳಿದರೆ ಕೆಲವರು ಕೊಡಲು ಒಪ್ಪುವುದಿಲ್ಲ.