ಜಪಾನಿಗೆ ಹೋಗುವ ವಿಯೆಟ್ನಾಂ ವಿದ್ಯಾರ್ಥಿಗಳ ಖರ್ಚಿನ ಕುರಿತು

ನಮಸ್ಕಾರ. ಜಪಾನಿನಲ್ಲಿ ಓದುವ ವಿಯೆಟ್ನಾಂ ವಿದ್ಯಾರ್ಥಿಗಳ ಖರ್ಚನ್ನು ಅವರ ಸರ್ಕಾರವೇ ಭರಿಸುತ್ತದೆಯೇ, ಈ ವಲಸೆ ಇತ್ತೀಚಿನದೇ ಎಂದು ತಾವು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ, ಬಹುಮಟ್ಟಿಗೆ ಇಲ್ಲ. ವಿಯೆಟ್ನಾಂ ಸರ್ಕಾರ 2000ರಲ್ಲಿ, ಸರ್ಕಾರಿ ಖರ್ಚಿನಲ್ಲಿ ವಿದೇಶದಲ್ಲಿ ಓದಿಸುವ '322 ಯೋಜನೆ'ಯನ್ನೂ, ಮುಖ್ಯವಾಗಿ ವಿಶ್ವವಿದ್ಯಾಲಯದ ಅಧ್ಯಾಪಕರ ಪಿಎಚ್.ಡಿ. ವ್ಯಾಸಂಗಕ್ಕೆಂದು 2010ರಲ್ಲಿ '911 ಯೋಜನೆ'ಯನ್ನೂ ತಂದಿತಾದರೂ, ವಿದೇಶಕ್ಕೆ ಹೋಗುವವರಲ್ಲಿ ಹೆಚ್ಚಿನವರು ಕುಟುಂಬದ ಹಣದಿಂದ, ಅನೇಕರು ಸಾಲ ಮಾಡಿಯೇ ಹೊರಡುತ್ತಾರೆ. 2019ರಲ್ಲಿ ಜಪಾನಿನಲ್ಲಿದ್ದ ಸುಮಾರು 3.12 ಲಕ್ಷ ವಿದೇಶಿ ವಿದ್ಯಾರ್ಥಿಗಳಲ್ಲಿ 73,000ಕ್ಕೂ ಹೆಚ್ಚು ಮಂದಿ ವಿಯೆಟ್ನಾಮಿನವರಾಗಿದ್ದರು. ಅವರಿಗಿಂತ ಮುಂದಿದ್ದವರು ಚೀನೀಯರು ಮಾತ್ರ. ಆದರೆ ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು, ಏಕೆಂದರೆ ಇದರಲ್ಲಿ ಪದವಿ ವಿದ್ಯಾರ್ಥಿಗಳಷ್ಟೇ ಅಲ್ಲದೆ ಜಪಾನಿ ಭಾಷಾ ಶಾಲೆಗಳಲ್ಲಿ ಕಲಿತು, ಅಲ್ಲಿಂದ ವೃತ್ತಿಶಿಕ್ಷಣ ಸಂಸ್ಥೆಗೆ ಸೇರಿ, ಕೊನೆಗೆ ಅಲ್ಲಿಯೇ ಉದ್ಯೋಗ ಹಿಡಿಯಬಯಸುವವರೂ ಸೇರಿದ್ದಾರೆ. ಅನುಮತಿ ಪಡೆದ ವಿದ್ಯಾರ್ಥಿ ಅಲ್ಲಿ ವಾರಕ್ಕೆ 28 ಗಂಟೆ ದುಡಿಯಬಹುದು. ದಲ್ಲಾಳಿಗಳು ಈ ದುಡಿಮೆಯಿಂದಲೇ ಶುಲ್ಕ, ಬಾಡಿಗೆ, ಸಾಲದ ಕಂತು ಎಲ್ಲವೂ ತೀರುತ್ತದೆಂದು ನಂಬಿಸುವುದು ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತ್ಯಂತ ಕೆಟ್ಟ ಭಾಗ. ಮಿತಿ ಮೀರಿ ದುಡಿದರೆ ವೀಸಾ ನವೀಕರಣಕ್ಕೇ ಕುತ್ತು ಬರುತ್ತದೆ.

ಎರಡನೆಯ ಪ್ರಶ್ನೆಗೆ ಬಂದರೆ, ಈ ನಂಟು ಹೊಸದಲ್ಲ. ಫ್ರೆಂಚರ ಆಳ್ವಿಕೆಯನ್ನು ವಿರೋಧಿಸುತ್ತಿದ್ದ ಫಾನ್ ಬೊಯ್ ಚೌ 1905ರಲ್ಲಿ 'ದೋಂಗ್ ಜು', ಅಂದರೆ ಪೂರ್ವಯಾತ್ರೆ, ಎಂಬ ಚಳವಳಿಯ ಮೂಲಕ ತರುಣರನ್ನು ಗುಟ್ಟಾಗಿ ಜಪಾನಿಗೆ ಓದಲು ಕಳುಹಿಸತೊಡಗಿದರು. 1907ರಲ್ಲಿ ಫ್ರಾನ್ಸ್ ಮತ್ತು ಜಪಾನ್ ಒಪ್ಪಂದ ಮಾಡಿಕೊಂಡ ಬಳಿಕ ಜಪಾನ್ ಆ ವಿದ್ಯಾರ್ಥಿಗಳನ್ನೂ, 1909ರಲ್ಲಿ ಸ್ವತಃ ಫಾನ್ ಅವರನ್ನೂ ದೇಶದಿಂದ ಹೊರಹಾಕಿತು.